ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ನೋವು ಮಾತ್ರ ಇದೆ: ಕಿಬ್ಬೊಟ್ಟೆಯ ದೀರ್ಘಕಾಲದ ನೋವು ನಮಗೆ ಅರ್ಥವಾಗದೆ ಉಳಿದಿರುವುದೇಕೆ?

ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಋತುಚಕ್ರ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ರಜೆ. ಸರ್ಕಾರಿ ಕಚೇರಿ, ಗಾರ್ಮೆಂಟ್ಸ್ ಕಾರ್ಖಾನೆ, ಐಟಿ ಕಂಪನಿ ಎಲ್ಲಕ್ಕೂ ಅನ್ವಯ. ನವೆಂಬರ್‌ನಲ್ಲಿ ಆದೇಶ ಹೊರಬಿತ್ತು. ಹೋಟೆಲ್ ಮಾಲೀಕರ ಸಂಘ ಸೇರಿದಂತೆ ಕೆಲವರು ಅದನ್ನು ಪ್ರಶ್ನಿಸಿದರು. ಡಿಸೆಂಬರ್ 9ರ ಬೆಳಿಗ್ಗೆ ಹೈಕೋರ್ಟ್ ಆದೇಶಕ್ಕೆ ತಡೆ ನೀಡಿತು. ಸರ್ಕಾರದ ವಾದ ಕೇಳಿದ ಮೇಲೆ ಅದೇ ದಿನ ಆ ತಡೆಯನ್ನು ಹಿಂದಕ್ಕೆ ಪಡೆಯಿತು. ರಜೆ ಇದೆಯೋ ಇಲ್ಲವೋ ಎಂಬ ಗೊಂದಲ ಒಂದು ಕಡೆ. ಅದರ ಜೊತೆಗೆ ಟಿವಿ ಚರ್ಚೆಗಳಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಇನ್ನೊಂದು ಪ್ರಶ್ನೆ ಎದ್ದಿತು: ಮುಟ್ಟಿನ ನೋವು ಎಲ್ಲ ಹೆಣ್ಣುಮಕ್ಕಳಿಗೂ ಇರುವುದೇ ತಾನೆ, ಇದಕ್ಕೆ ರಜೆ ಏಕೆ?

ಈ ಪ್ರಶ್ನೆಗೆ ಪರ ವಿರೋಧ ಮಾತನಾಡಿದ ಹೆಚ್ಚಿನವರು ಒಂದು ವಿಷಯವನ್ನು ಗಮನಿಸಲೇ ಇಲ್ಲ. ಮುಟ್ಟಿನ ಒಂದೆರಡು ದಿನ ಬಂದು ಹೋಗುವ ನೋವು ಬೇರೆ. ಮುಟ್ಟು ಮುಗಿದರೂ ಮುಗಿಯದೆ, ಮೂತ್ರಕ್ಕೆ ಹೋದಾಗ, ಮಲವಿಸರ್ಜನೆಯಲ್ಲಿ, ದಾಂಪತ್ಯದಲ್ಲಿ, ಬಸ್ಸಿನಲ್ಲಿ ನಿಂತು ಪ್ರಯಾಣಿಸುವಾಗ ಕಾಡುತ್ತಲೇ ಇರುವ ನೋವು ಬೇರೆ. ಎರಡನೆಯದು ಒಂದು ದಿನದ ರಜೆಗೆ ಬಗ್ಗುವಂಥದ್ದಲ್ಲ. ಅದು ಹೆಚ್ಚಾಗಿ ಒಂಟಿಯಾಗಿಯೂ ಬರುವುದಿಲ್ಲ. ಅರೆತಲೆನೋವು, ಕರುಳಿನ ತೊಂದರೆ, ಮೈಕೈ ನೋವು, ನಿದ್ರೆ ಇಲ್ಲದ ಬಳಲಿಕೆ ಜೊತೆಗೇ ಇರುತ್ತವೆ. ಹೀಗೇಕೆ ಎಂಬುದು ಅರ್ಥವಾಗದೆ ರಜೆಯ ಚರ್ಚೆಯಾಗಲಿ, ಗರ್ಭಕೋಶದ ಅನಗತ್ಯ ಶಸ್ತ್ರಚಿಕಿತ್ಸೆಗಳ ಚರ್ಚೆಯಾಗಲಿ ಮುಂದೆ ಸಾಗುವುದಿಲ್ಲ.

ಯಾವ ನೋವಿನ ಮಾತು ಇದು?

ಹೊಕ್ಕುಳ ಕೆಳಗೆ, ಸೊಂಟದ ಮೂಳೆಗಳ ನಡುವಿನ ಭಾಗದಲ್ಲಿ ಮೂರರಿಂದ ಆರು ತಿಂಗಳಿಗೂ ಹೆಚ್ಚು ಕಾಲ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ಕಿಬ್ಬೊಟ್ಟೆ ನೋವು ಎಂದು ಪರಿಗಣಿಸುತ್ತಾರೆ. ಕಾರಣಗಳ ಪಟ್ಟಿ ಉದ್ದವಾಗಿದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇವುಗಳಲ್ಲಿ ಮುಖ್ಯವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 10ರಷ್ಟು, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಈ ಕಾಯಿಲೆಯಿದೆ. ಗರ್ಭಕೋಶದ ಸ್ನಾಯುವಿನೊಳಗೇ ಈ ಅಂಗಾಂಶ ಹೊಕ್ಕರೆ ಅಡಿನೊಮಯೋಸಿಸ್. ಹಳೆಯ ಸೋಂಕು, ನಮ್ಮ ದೇಶದಲ್ಲಿ ಇಂದಿಗೂ ಮರೆಯಬಾರದ ಜನನಾಂಗದ ಕ್ಷಯ, ಸಿಸೇರಿಯನ್ ಗಾಯದ ಹತ್ತಿರ ಸಿಕ್ಕಿಕೊಂಡ ನರ, ಸೋಂಕೇ ಇಲ್ಲದೆ ಉರಿಯುವ ಮೂತ್ರಕೋಶ, ಐಬಿಎಸ್ ಎಂದು ಕರೆಯುವ ಕರುಳಿನ ತೊಂದರೆ, ಬಿಗಿದುಕೊಂಡ ಸ್ನಾಯುಗಳು ಇವೆಲ್ಲವೂ ಕಾರಣಗಳೇ.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಬಹಳ ಮಂದಿಯಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಸಿಗುವುದಿಲ್ಲ. ಕಂಡರೂ ಕಂಡದ್ದಕ್ಕೂ ನೋವಿಗೂ ತಾಳೆಯಾಗುವುದಿಲ್ಲ. ಎಂಡೊಮೆಟ್ರಿಯೋಸಿಸ್‌ನಲ್ಲೇ ನೋಡಿ: ಹೊಟ್ಟೆ ತುಂಬ ಗಂಟು, ಅಂಟು ಇರುವವರಿಗೆ ನೋವೇ ಇರದೆ, ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬಂದಾಗ ಮಾತ್ರ ಕಾಯಿಲೆ ಪತ್ತೆಯಾಗುವುದುಂಟು, ಎರಡೇ ಸಣ್ಣ ಚುಕ್ಕೆ ಇರುವವರು ನೆಟ್ಟಗೆ ನಿಲ್ಲಲಾರದಷ್ಟು ನರಳುವುದೂ ಉಂಟು.

ಇಲ್ಲೇ ಅನ್ಯಾಯ ಶುರುವಾಗುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಗರ್ಭಕೋಶ ಸಹಜ, ಅಂಡಾಶಯ ಸಹಜ’ ಎಂದು ಬಂದ ಕ್ಷಣದಿಂದ ಮನೆಯವರ ದನಿ ಬದಲಾಗುತ್ತದೆ. ‘ಏನೂ ಇಲ್ಲ ಅಂದರಲ್ಲ ಡಾಕ್ಟರು, ಇನ್ನೂ ಏನು ನಿನ್ನದು?’ ಸ್ಕ್ಯಾನಿಂಗ್ ತೋರಿಸುವುದು ಅಂಗಗಳ ಆಕಾರವನ್ನು. ನರ ಹೇಗೆ ವರ್ತಿಸುತ್ತಿದೆ ಎಂಬುದನ್ನು ಅದು ತೋರಿಸುವುದಿಲ್ಲ, ತೋರಿಸಲೆಂದು ಮಾಡಿದ ಯಂತ್ರವೂ ಅದಲ್ಲ.

ಒಂದರ ಜೊತೆ ಇನ್ನೊಂದು ಬರುವುದು ಹೇಗೆ?

ಗರ್ಭಕೋಶ, ಮೂತ್ರಕೋಶ, ದೊಡ್ಡಕರುಳಿನ ಕೊನೆಯ ಭಾಗ ಮೂರೂ ಅಂಗೈ ಅಗಲದ ಜಾಗದಲ್ಲಿ ಒಂದಕ್ಕೊಂದು ತಗುಲಿಕೊಂಡಿವೆ. ಅವುಗಳಿಂದ ಹೊರಡುವ ನರಗಳು ಬೆನ್ನುಹುರಿಯ ಹೆಚ್ಚುಕಡಿಮೆ ಅದೇ ಮಟ್ಟಗಳಿಗೆ ಬಂದು ಸೇರುತ್ತವೆ. ಅಲ್ಲಿ ಒಂದೇ ನರಕೋಶ ಎರಡು ಮೂರು ಅಂಗಗಳ ಸುದ್ದಿಯನ್ನೂ, ಹೊಟ್ಟೆಯ ಮೇಲಿನ ಚರ್ಮದ ಸುದ್ದಿಯನ್ನೂ ಒಟ್ಟಿಗೇ ಪಡೆದು ಮಿದುಳಿಗೆ ಕಳುಹಿಸುತ್ತದೆ. ಸುದ್ದಿ ಮೂತ್ರಕೋಶದ್ದೋ ಗರ್ಭಕೋಶದ್ದೋ ಎಂದು ಬೇರ್ಪಡಿಸುವುದು ಮಿದುಳಿಗೆ ಸುಲಭವಲ್ಲ. ‘ನೋವು ಎಲ್ಲಿ?’ ಎಂದು ಕೇಳಿದರೆ ಹೆಚ್ಚಿನವರು ಬೆರಳಿಟ್ಟು ತೋರಿಸದೆ ಇಡೀ ಅಂಗೈಯನ್ನು ಕೆಳಹೊಟ್ಟೆಯ ಮೇಲೆ ಆಡಿಸುವುದು ಅದಕ್ಕೇ.

ಇನ್ನೂ ಒಂದು ಸಂಗತಿಯಿದೆ. ಕೆಲವು ನರಕೋಶಗಳ ಒಂದು ಕವಲು ಕರುಳಿಗೆ, ಇನ್ನೊಂದು ಮೂತ್ರಕೋಶಕ್ಕೆ ಹೋಗಿರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕರುಳಿಗೆ ಉರಿಯೂತ ಬರಿಸಿದಾಗ ಆರೋಗ್ಯವಾಗಿದ್ದ ಮೂತ್ರಕೋಶವೂ ಪದೇ ಪದೇ ಸಂಕುಚಿಸತೊಡಗಿದ್ದು ಕಂಡುಬಂದಿದೆ. ಅಂದರೆ ಒಂದು ಅಂಗದ ಕೆರಳಿಕೆ ಪಕ್ಕದ ಅಂಗಕ್ಕೆ ನರದ ದಾರಿಯಲ್ಲೇ ದಾಟುತ್ತದೆ. ಎಂಡೊಮೆಟ್ರಿಯೋಸಿಸ್ ಇರುವ ಹೆಣ್ಣುಮಗಳು ಮೂತ್ರ ಪರೀಕ್ಷೆಯಲ್ಲಿ ಸೋಂಕೇ ಇಲ್ಲದಿದ್ದರೂ ಉರಿಮೂತ್ರ ಎಂದು ಮೂರು ಬಾರಿ ಆ್ಯಂಟಿಬಯೋಟಿಕ್ ನುಂಗಿರುತ್ತಾಳೆ ಎಂದರೆ ಅದರಲ್ಲಿ ಅಚ್ಚರಿಯಿಲ್ಲ. ಆ ಮಾತ್ರೆಯಿಂದ ಕರುಳು ಮತ್ತಷ್ಟು ಕೆಟ್ಟಿರುತ್ತದೆ, ಅಷ್ಟೆ.

ಎರಡನೆಯ ಹಂತ ಬೆನ್ನುಹುರಿ ಮತ್ತು ಮಿದುಳಿನಲ್ಲಿ ನಡೆಯುತ್ತದೆ. ನೋವಿನ ಸಂಕೇತ ತಿಂಗಳುಗಟ್ಟಲೆ ಬರುತ್ತಲೇ ಇದ್ದರೆ ಅದನ್ನು ಸ್ವೀಕರಿಸುವ ನರಕೋಶಗಳು ಬದಲಾಗುತ್ತವೆ. ಸಣ್ಣ ಪ್ರಚೋದನೆಗೂ ದೊಡ್ಡದಾಗಿ ಪ್ರತಿಕ್ರಿಯಿಸತೊಡಗುತ್ತವೆ. ಮೂಲ ಕಾರಣ ಹೋದ ಮೇಲೂ ಆ ಗುಣ ಉಳಿದುಬಿಡಬಹುದು. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ ಇಲಿಗಳಲ್ಲಿ ಇದನ್ನು ತೋರಿಸಿದ ನಂತರ ನೋವಿನ ವಿಜ್ಞಾನದ ದಿಕ್ಕೇ ಬದಲಾಯಿತು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2017ರಲ್ಲಿ ಇಂಥ ನೋವಿಗೆ ಪ್ರತ್ಯೇಕ ವರ್ಗವನ್ನೇ ಗುರುತಿಸಿತು: ಗಾಯದಿಂದ ಬಂದದ್ದಲ್ಲ, ನರ ತುಂಡಾಗಿ ಬಂದದ್ದೂ ಅಲ್ಲ, ನೋವನ್ನು ಗ್ರಹಿಸುವ ವ್ಯವಸ್ಥೆಯೇ ಕೆರಳಿದ್ದರಿಂದ ಬಂದದ್ದು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ ದೀರ್ಘಕಾಲದ ನೋವನ್ನು ಅದರಷ್ಟಕ್ಕೇ ಒಂದು ಕಾಯಿಲೆಯಾಗಿ ಪಟ್ಟಿ ಮಾಡಿದೆ.

ವ್ಯವಸ್ಥೆಯೇ ಕೆರಳಿದ್ದರೆ ತೊಂದರೆ ಕಿಬ್ಬೊಟ್ಟೆಗೇ ಏಕೆ ನಿಲ್ಲಬೇಕು? ನಿಲ್ಲುವುದಿಲ್ಲ. ಮೈಗ್ರೇನ್ ಎಂಬ ಅರೆತಲೆನೋವು, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ, ಐಬಿಎಸ್, ನೋವಿನ ಮೂತ್ರಕೋಶ, ಎಂಡೊಮೆಟ್ರಿಯೋಸಿಸ್, ಯೋನಿದ್ವಾರದ ನೋವು, ದವಡೆ ಕೀಲಿನ ನೋವು, ಬೆನ್ನುನೋವು, ತಲೆ ಬಿಗಿಯುವ ನೋವು, ವಿಪರೀತ ಬಳಲಿಕೆಯ ಕಾಯಿಲೆ ಇವು ಹತ್ತನ್ನೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಪರಸ್ಪರ ಬೆರೆತುಕೊಳ್ಳುವ ನೋವಿನ ಕಾಯಿಲೆಗಳು ಎಂದು ಒಂದೇ ಗುಂಪಿನಲ್ಲಿ ಇಟ್ಟಿದೆ. ಅದೇ ಸಂಸ್ಥೆ 2008ರಲ್ಲಿ ಆರಂಭಿಸಿದ ಸಂಶೋಧನಾ ಜಾಲವೊಂದು ಕಿಬ್ಬೊಟ್ಟೆ ನೋವಿನ ಸ್ತ್ರೀಪುರುಷರನ್ನು ವರ್ಷಗಟ್ಟಲೆ ಗಮನಿಸಿತು. ನೋವು ಕಿಬ್ಬೊಟ್ಟೆಗಷ್ಟೇ ಸೀಮಿತವಾಗಿದ್ದವರಿಗಿಂತ ಮೈಯ ಬೇರೆ ಕಡೆಗೂ ಹರಡಿದ್ದವರ ಬದುಕು ಹೆಚ್ಚು ಹದಗೆಟ್ಟಿತ್ತು, ಅವರು ಚೇತರಿಸಿಕೊಳ್ಳುವುದೂ ಕಷ್ಟವಾಗಿತ್ತು ಎಂಬುದು ಅದರ ಮುಖ್ಯ ತಿಳಿವಳಿಕೆಗಳಲ್ಲಿ ಒಂದು.

ಮೂರನೆಯದು ಸ್ನಾಯುಗಳ ಪಾತ್ರ. ನೋವು ಬಂದ ಕಡೆ ಮೈ ತಾನಾಗಿ ಬಿಗಿಯುತ್ತದೆ. ಕಿಬ್ಬೊಟ್ಟೆಯ ತಳದಲ್ಲಿ ಅಂಗಗಳನ್ನು ಹೊತ್ತು ನಿಂತ ಸ್ನಾಯುಗಳು ಹಾಗೆ ತಿಂಗಳುಗಟ್ಟಲೆ ಬಿಗಿದರೆ ಅವೇ ನೋವಿನ ಹೊಸ ಮೂಲವಾಗುತ್ತವೆ. ಮಲ ಮೂತ್ರ ಸರಾಗವಾಗಿ ಹೋಗುವುದಿಲ್ಲ, ತಿಣುಕಬೇಕಾಗುತ್ತದೆ, ತಿಣುಕಿದಷ್ಟೂ ಬಿಗಿತ ಹೆಚ್ಚುತ್ತದೆ. ಶೌಚಾಲಯ ಕೊಳಕಾಗಿದೆ ಎಂದೋ, ಮೇಲ್ವಿಚಾರಕರು ಗೊಣಗುತ್ತಾರೆ ಎಂದೋ ಇಡೀ ಪಾಳಿ ಮೂತ್ರ ಕಟ್ಟಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂರುವ ಕಾರ್ಮಿಕಳಿಗೆ ಈ ಸ್ನಾಯುಗಳನ್ನು ಸಡಿಲ ಬಿಡುವ ಅವಕಾಶವೇ ಸಿಗುವುದಿಲ್ಲ.

ನಾಲ್ಕು ವಿಭಾಗ, ನಾಲ್ಕು ಫೈಲು

ನಮ್ಮ ಆಸ್ಪತ್ರೆಗಳು ಅಂಗಗಳ ಲೆಕ್ಕದಲ್ಲಿ ವಿಭಾಗವಾಗಿವೆ. ಹೊಟ್ಟೆನೋವು ಮುಟ್ಟಿನ ಸಮಯದಲ್ಲಿ ಹೆಚ್ಚು ಎಂದರೆ ಸ್ತ್ರೀರೋಗ ವಿಭಾಗ. ಮೂತ್ರ ಉರಿ ಎಂದರೆ ಯುರಾಲಜಿ. ಹೊಟ್ಟೆ ಉಬ್ಬರ, ಭೇದಿ, ಮಲಬದ್ಧತೆ ಎಂದರೆ ಗ್ಯಾಸ್ಟ್ರೊ. ತಲೆನೋವಿಗೆ ನರರೋಗ ತಜ್ಞರು. ಪ್ರತಿಯೊಬ್ಬರೂ ತಮ್ಮ ಅಂಗವನ್ನು ಶ್ರದ್ಧೆಯಿಂದಲೇ ನೋಡಿ, ತಮ್ಮ ಕಡೆಯಿಂದ ತೊಂದರೆಯಿಲ್ಲ ಎಂದು ಬರೆದುಕೊಡುತ್ತಾರೆ. ನಾಲ್ಕೂ ಫೈಲುಗಳನ್ನು ಒಂದೇ ಮೇಜಿನ ಮೇಲೆ ಹರಡಿ ಓದುವವರು ಯಾರೂ ಇರುವುದಿಲ್ಲ. ಕೊನೆಗೆ ಒಂದು ನಿದ್ರೆ ಮಾತ್ರೆ, ಇಲ್ಲವೇ ‘ಮದುವೆಯಾದರೆ ಸರಿಹೋಗುತ್ತದೆ’, ‘ಒಂದು ಮಗುವಾದರೆ ಸರಿಹೋಗುತ್ತದೆ’ ಎಂಬ ಮಾತು.

ಸರಳ ಪರೀಕ್ಷೆಗಳು ಎಷ್ಟು ಹೇಳಬಲ್ಲವು ಎಂಬುದಕ್ಕೆ ಒಂದು ಉದಾಹರಣೆ ಸಾಕು. ರೋಗಿ ಅಂಗಾತ ಮಲಗಿದಾಗ ವೈದ್ಯರು ನೋವಿನ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ಕೈ ಊರದೆ ತಲೆ ಮತ್ತು ಭುಜವನ್ನು ಮೇಲೆತ್ತಲು ಹೇಳುತ್ತಾರೆ. ಹೊಟ್ಟೆಯ ಸ್ನಾಯು ಗಟ್ಟಿಯಾಗಿ ಒಳಗಿನ ಅಂಗಗಳಿಗೆ ಮರೆಯಾಗುತ್ತದೆ. ಆಗ ನೋವು ಕಡಿಮೆಯಾದರೆ ಮೂಲ ಒಳಗಿರುವ ಸಾಧ್ಯತೆ ಹೆಚ್ಚು. ಅಷ್ಟೇ ಇದ್ದರೆ ಅಥವಾ ಜಾಸ್ತಿಯಾದರೆ ಮೂಲ ಹೊಟ್ಟೆಯ ಗೋಡೆಯಲ್ಲೇ, ಬಹುಶಃ ಸಿಕ್ಕಿಕೊಂಡ ನರದಲ್ಲಿ ಇರಬಹುದು. ಅಂಥಲ್ಲಿ ಒಂದು ಮರಗಟ್ಟಿಸುವ ಇಂಜೆಕ್ಷನ್ ಎಷ್ಟೋ ಪರೀಕ್ಷೆಗಳ ಖರ್ಚು ಉಳಿಸುತ್ತದೆ. ಕಾರ್ನೆಟ್ ಪರೀಕ್ಷೆ ಎಂಬ ಇದಕ್ಕೆ ಅರ್ಧ ನಿಮಿಷ ಬೇಕು, ಯಂತ್ರ ಬೇಡ. ಆದರೆ ಹೊರರೋಗಿ ವಿಭಾಗದ ಬಾಗಿಲಲ್ಲಿ ಎಂಬತ್ತು ಜನ ಕಾಯುತ್ತಿರುವಾಗ ಆ ಅರ್ಧ ನಿಮಿಷವೂ, ಅದಕ್ಕೆ ಮುಂಚಿನ ಹತ್ತು ನಿಮಿಷದ ಮಾತೂ ಸಿಗುವುದಿಲ್ಲ. ಸ್ಕ್ಯಾನಿಂಗ್ ಚೀಟಿ ಬರೆದುಕೊಡುವುದು ಬೇಗ ಆಗುತ್ತದೆ.

ವೈದ್ಯರಲ್ಲೇ ಇರುವ ಭಿನ್ನಾಭಿಪ್ರಾಯ

ನರವ್ಯವಸ್ಥೆಯ ಕೆರಳಿಕೆ ಎಂಬ ವಿವರಣೆಯನ್ನು ಎಲ್ಲರೂ ಒಂದೇ ಸಮನೆ ಒಪ್ಪಿಲ್ಲ. ಎಂಡೊಮೆಟ್ರಿಯೋಸಿಸ್ ಶಸ್ತ್ರಚಿಕಿತ್ಸಕರಲ್ಲಿ ಹಲವರ ಆತಂಕ ಇದು: ಹೆಣ್ಣಿನ ನೋವನ್ನು ಹಿಂದೆ ‘ಹಿಸ್ಟೀರಿಯಾ’ ಎಂದು ತಳ್ಳಿಹಾಕಿದಂತೆ ಈಗ ‘ನರದ ಸೂಕ್ಷ್ಮತೆ’ ಎಂದು ತಳ್ಳಿಹಾಕಲು ಹೊಸ ಹೆಸರು ಸಿಕ್ಕಂತಾಯಿತು, ಸರಿಯಾಗಿ ಹುಡುಕಿ, ಪೂರ್ತಿ ತೆಗೆದರೆ ಕಡಿಮೆಯಾಗಬಹುದಾದ ಕಾಯಿಲೆ ಹಾಗೇ ಉಳಿದುಬಿಡುತ್ತದೆ. ಈ ಆತಂಕಕ್ಕೆ ಆಧಾರವಿದೆ. ಆಳವಾಗಿ ಬೇರುಬಿಟ್ಟ ಎಂಡೊಮೆಟ್ರಿಯೋಸಿಸ್‌ಗೆ ನುರಿತ ಕೈಯ ಶಸ್ತ್ರಚಿಕಿತ್ಸೆಯಿಂದ ನಿಜವಾಗಿ ಬಿಡುಗಡೆ ಸಿಕ್ಕವರು ಬಹಳ ಮಂದಿ.

ನೋವು ತಜ್ಞರ ಉತ್ತರ ಹೀಗಿದೆ: ಒಮ್ಮೆ ಶಸ್ತ್ರಚಿಕಿತ್ಸೆಯಾಗಿ ನೋವು ಹೋಗದಿದ್ದಾಗ ಮತ್ತೆ ಹೊಟ್ಟೆ ಕೊಯ್ಯುವುದು, ಮತ್ತೂ ಕೊಯ್ಯುವುದು ಕೆರಳಿದ ನರಗಳಿಗೆ ಹೊಸ ಗಾಯ ಕೊಟ್ಟಂತೆ. 2022ರ ಯುರೋಪಿನ ಎಂಡೊಮೆಟ್ರಿಯೋಸಿಸ್ ಮಾರ್ಗಸೂಚಿಯು, ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೊಸ್ಕೊಪಿಯಲ್ಲಿ ಕಣ್ಣಾರೆ ಕಂಡ ಮೇಲಷ್ಟೇ ಚಿಕಿತ್ಸೆ ಎಂಬ ಹಳೆಯ ಪದ್ಧತಿಯನ್ನು ಕೈಬಿಟ್ಟು, ಲಕ್ಷಣ ನೋಡಿ ಹಾರ್ಮೋನ್ ಮಾತ್ರೆ ಆರಂಭಿಸಬಹುದು ಎಂದಿತು. ಇದರಿಂದ ಚಿಕಿತ್ಸೆ ಬೇಗ ಸಿಗುತ್ತದೆ. ಆದರೆ ಪರೀಕ್ಷೆಯಿಲ್ಲದೆ ವರ್ಷಗಟ್ಟಲೆ ಮಾತ್ರೆ ನುಂಗುವವರೂ ಹೆಚ್ಚಬಹುದು.

ಈ ಎರಡು ವಾದಗಳು ಪರಸ್ಪರ ಶತ್ರುಗಳೆಂದು ಭಾವಿಸಬೇಕಿಲ್ಲ. ಒಬ್ಬರದೇ ಮೈಯಲ್ಲಿ ತೆಗೆಯಬೇಕಾದ ಗಂಟೂ ಇರಬಹುದು, ಕೆರಳಿದ ನರವೂ ಇರಬಹುದು. ತಪ್ಪಾಗುವುದು ಒಂದನ್ನು ಕಂಡು ಇನ್ನೊಂದನ್ನು ಕೇಳದೇ ಬಿಟ್ಟಾಗ. ಮನಸ್ಸಿನ ವಿಷಯವೂ ಹೀಗೆಯೇ. ಹಿಂದಿನ ಹಿಂಸೆ, ಆತಂಕ, ಖಿನ್ನತೆ ನೋವನ್ನು ಹೆಚ್ಚಿಸುತ್ತವೆ. ವರ್ಷಗಟ್ಟಲೆಯ ನೋವು ಖಿನ್ನತೆಯನ್ನು ತರುತ್ತದೆ. ಆದರೂ ‘ನಿನ್ನ ಮನಸ್ಸೇ ಸರಿಯಿಲ್ಲ’ ಎಂದು ಹೇಳಿ ಬಾಗಿಲು ತೋರಿಸುವುದು ಚಿಕಿತ್ಸೆಯಲ್ಲ.

ಗರ್ಭಕೋಶವನ್ನೇ ತೆಗೆಸಿಬಿಟ್ಟರೆ?

ನೋವಿನ ಮೂಲ ಒಂದು ಅಂಗದಲ್ಲೇ ಇರಬೇಕೆಂಬ ನಂಬಿಕೆಯ ಅತಿ ದೊಡ್ಡ ಬೆಲೆಯನ್ನು ಬಡ ಹೆಣ್ಣುಮಕ್ಕಳು ತೆತ್ತಿದ್ದಾರೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 3.2ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಶಸ್ತ್ರಚಿಕಿತ್ಸೆಯ ನಡುವಯಸ್ಸು 34. ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ನಡೆದವು. ನಮ್ಮಲ್ಲಿ ಕಲಬುರಗಿಯ ತಾಂಡಾಗಳಿಂದಲೂ ಹಾವೇರಿ ಜಿಲ್ಲೆಯಿಂದಲೂ, ನೆರೆಯ ಮಹಾರಾಷ್ಟ್ರದಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರಿಂದಲೂ ಬಂದ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಹೊಟ್ಟೆನೋವು, ಬಿಳಿ ಹೋಗುವುದು, ಸೊಂಟನೋವು ಎಂದು ಹೋದವರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆದದ್ದು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೊಳಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು.

ಅಡಿನೊಮಯೋಸಿಸ್‌ನಂಥ ಸ್ಥಿತಿಯಲ್ಲಿ, ಬೇರೆ ಚಿಕಿತ್ಸೆ ಫಲಿಸದಿದ್ದಾಗ, ಗರ್ಭಕೋಶ ತೆಗೆಯುವುದು ಸರಿಯಾದ ನಿರ್ಧಾರವೇ ಆಗಬಹುದು. ಆದರೆ ನೋವು ಮೂತ್ರಕೋಶದ್ದೋ, ಸ್ನಾಯುವಿನದ್ದೋ, ಕೆರಳಿದ ಬೆನ್ನುಹುರಿಯದ್ದೋ ಆಗಿದ್ದರೆ ಗರ್ಭಕೋಶ ಹೋದ ಮೇಲೂ ನೋವು ಉಳಿಯುತ್ತದೆ. ಅಂಡಾಶಯವನ್ನೂ ತೆಗೆದಿದ್ದರೆ ಮೂವತ್ತರ ಹರೆಯದಲ್ಲೇ ಮುಟ್ಟು ನಿಂತ ದೇಹದ ಸ್ಥಿತಿ, ಮೂಳೆ ಸವೆತ, ಹೃದಯದ ಅಪಾಯ ಹಿಂಬಾಲಿಸುತ್ತವೆ.

ಇದರ ಹಿಂದೆ ಹಣದ ಲೆಕ್ಕವೂ ಇದೆ. ಆಯುಷ್ಮಾನ್ ಭಾರತದಂಥ ಯೋಜನೆಗಳು ಆಸ್ಪತ್ರೆಗೆ ದಾಖಲಾದವರ ಖರ್ಚು ಕೊಡುತ್ತವೆ. ಹೊರರೋಗಿಗಳ ಖರ್ಚು ಕೊಡುವುದಿಲ್ಲ. ಶಸ್ತ್ರಚಿಕಿತ್ಸೆಗೆ ದುಡ್ಡುಂಟು. ವಾರಕ್ಕೊಮ್ಮೆ ಬರಬೇಕಾದ ಫಿಸಿಯೊಥೆರಪಿಗೆ, ಕೂತು ಮಾತನಾಡುವ ಸಲಹೆಗೆ ಕಿಸೆಯಿಂದಲೇ ಹೋಗಬೇಕು. ಕೂಲಿ ಕಳೆದುಕೊಂಡು ಹತ್ತು ಸಲ ಪೇಟೆಗೆ ಹೋಗುವುದಕ್ಕಿಂತ ಒಂದೇ ಸಲ ‘ತೆಗೆಸಿಬಿಡುವುದು’ ವಾಸಿ ಎಂದು ಬಡ ಹೆಣ್ಣುಮಗಳಿಗೆ ಅನಿಸಿದರೆ ಅದಕ್ಕೆ ಆಕೆಯ ಅಜ್ಞಾನ ಕಾರಣವಲ್ಲ. ವ್ಯವಸ್ಥೆ ಆಕೆಗೆ ಕೊಟ್ಟ ದಾರಿ ಅದೊಂದೇ.

ಗಂಡಸರಿಗೂ ಇದೆ

ಇದನ್ನು ಹೆಣ್ಣಿನ ಸಮಸ್ಯೆ ಎಂದು ಮಾತ್ರ ನೋಡುವುದರಿಂದ ಗಂಡಸರೂ ಕಷ್ಟಪಡುತ್ತಿದ್ದಾರೆ. ‘ಪ್ರಾಸ್ಟೇಟ್ ಸೋಂಕು’ ಎಂದು ಚಿಕಿತ್ಸೆ ಪಡೆಯುವವರಲ್ಲಿ ಬಹುಪಾಲು ಜನರಿಗೆ ಬ್ಯಾಕ್ಟೀರಿಯಾ ಸೋಂಕೇ ಇರುವುದಿಲ್ಲ; ಅವರದು ಕಿಬ್ಬೊಟ್ಟೆಯ ದೀರ್ಘಕಾಲದ ನೋವು. ವೃಷಣದಲ್ಲಿ, ಗುದದ ಸುತ್ತ, ಕುಳಿತಾಗ ನೋವು. ನಾಚಿಕೆಯಿಂದ ಹೇಳಿಕೊಳ್ಳದೆ, ಗೋಡೆಯ ಮೇಲಿನ ‘ಗುಪ್ತರೋಗ’ ಜಾಹೀರಾತಿಗೆ ದುಡ್ಡು ಸುರಿಯುವವರಲ್ಲಿ ಇವರೂ ಇದ್ದಾರೆ.

ಒಟ್ಟಿಗೆ ನೋಡಿದರೆ ಚಿಕಿತ್ಸೆ ಹೇಗೆ ಬದಲಾಗುತ್ತದೆ?

ಮೊದಲು ಅಪಾಯದ ಲಕ್ಷಣಗಳನ್ನು ಬೇರ್ಪಡಿಸಬೇಕು. ಹಠಾತ್ತನೆ ಬಂದ ತೀವ್ರ ನೋವು, ಜ್ವರ, ಗರ್ಭಿಣಿಯಾಗಿರುವ ಸಾಧ್ಯತೆ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮಲ ಅಥವಾ ಮೂತ್ರದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದೇ ಇದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಅವು ಇಲ್ಲವೆಂದು ಖಚಿತವಾದ ಮೇಲೆ, ಜೊತೆಗಿರುವ ಕಾಯಿಲೆಗಳನ್ನು ತಿಳಿದುಕೊಂಡೇ ಔಷಧ ಆರಿಸಬೇಕಾಗುತ್ತದೆ. ಮುಟ್ಟಿನ ನೋವಿಗೆಂದು ಈಸ್ಟ್ರೋಜನ್ ಹಾರ್ಮೋನ್ ಇರುವ ಮಾತ್ರೆ ಬರೆದುಕೊಡುವುದು ಸಾಮಾನ್ಯ. ಆದರೆ ಕಣ್ಣ ಮುಂದೆ ಬೆಳಕಿನ ಗೆರೆಗಳು ಕಂಡು ನಂತರ ಅರೆತಲೆನೋವು ಬರುವವರಿಗೆ ಆ ಮಾತ್ರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ. ಅಂಥವರಿಗೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರ ಇರುವ ಔಷಧ ಬೇಕು. ಸ್ತ್ರೀರೋಗ ತಜ್ಞರು ತಲೆನೋವಿನ ಬಗ್ಗೆ ಕೇಳದಿದ್ದರೆ, ರೋಗಿ ತಾನಾಗಿ ಹೇಳದಿದ್ದರೆ, ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ಕಡೆ, ಖಿನ್ನತೆಗೆಂದು ಬಂದ ಹಳೆಯ ಔಷಧ ಅಮಿಟ್ರಿಪ್ಟಿಲಿನ್ ಅನ್ನು ಸಣ್ಣ ಪ್ರಮಾಣದಲ್ಲಿ ರಾತ್ರಿ ಕೊಟ್ಟರೆ ಮೈಗ್ರೇನ್, ಮೂತ್ರಕೋಶದ ನೋವು, ಕೆಟ್ಟ ನಿದ್ರೆ ಮೂರಕ್ಕೂ ನೆರವಾಗಬಹುದು; ಮಲಬದ್ಧತೆ ಇರುವವರಲ್ಲಿ ಅದನ್ನೇ ಹೆಚ್ಚಿಸಲೂಬಹುದು. ಬಲವಾದ ಅಫೀಮು ಮೂಲದ ನೋವುನಿವಾರಕಗಳು ಕರುಳನ್ನು ಕಟ್ಟಿಹಾಕಿ ನೋವನ್ನೇ ಹೆಚ್ಚಿಸಬಲ್ಲವು.

ನರದ ನೋವು ಎಂದ ಮಾತ್ರಕ್ಕೆ ನರದ ಮಾತ್ರೆಯೇ ಉತ್ತರ ಎಂದೂ ಅಲ್ಲ. ಸ್ಕ್ಯಾನಿಂಗ್‌ನಲ್ಲಷ್ಟೇ ಅಲ್ಲ, ಲ್ಯಾಪರೊಸ್ಕೊಪಿಯಲ್ಲೂ ಏನೂ ಕಾಣದ 306 ಮಹಿಳೆಯರ ಮೇಲೆ ಬ್ರಿಟನ್ನಿನಲ್ಲಿ ಗ್ಯಾಬಪೆಂಟಿನ್ ಎಂಬ ನರದ ಮಾತ್ರೆಯ ಪ್ರಯೋಗ ನಡೆಯಿತು. 2020ರಲ್ಲಿ ಫಲಿತಾಂಶ ಬಂದಾಗ ಆ ಮಾತ್ರೆ, ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡಿರಲಿಲ್ಲ. ತಲೆಸುತ್ತು, ಮಂಪರು ಮಾತ್ರ ಹೆಚ್ಚಾಗಿತ್ತು. ನಮ್ಮಲ್ಲಿ ಇಂದಿಗೂ ಆ ಔಷಧವನ್ನು ಧಾರಾಳವಾಗಿ ಬರೆಯುವವರು ಈ ಫಲಿತಾಂಶವನ್ನು ಗಮನಿಸಬೇಕು.

ಬಿಗಿದ ಸ್ನಾಯುಗಳಿಗೆ ಬೇಕಾದದ್ದು ಸಡಿಲಿಸುವ ವ್ಯಾಯಾಮ. ಮೊಬೈಲ್ ವಿಡಿಯೊಗಳಲ್ಲಿ ಎಲ್ಲರಿಗೂ ಹೇಳಿಕೊಡುವ ಕೆಗಲ್ ವ್ಯಾಯಾಮ ಸ್ನಾಯುವನ್ನು ಬಿಗಿಯುವಂಥದ್ದು. ಸ್ನಾಯು ಸಡಿಲವಾದವರಿಗೆ ಒಳ್ಳೆಯದು, ಈಗಾಗಲೇ ಬಿಗಿದಿರುವವರಿಗೆ ನೋವು ಹೆಚ್ಚಿಸಬಹುದು. ಯಾರಿಗೆ ಯಾವುದು ಎಂದು ಪರೀಕ್ಷಿಸಿ ಹೇಳಬಲ್ಲ ಫಿಸಿಯೊಥೆರಪಿಸ್ಟ್‌ಗಳು ಬೆಂಗಳೂರಿನಂಥ ನಗರಗಳ ಹೊರಗೆ ಸಿಗುವುದು ಕಷ್ಟ. ಮಲಬದ್ಧತೆ ನೀಗಿಸುವುದು, ನಿದ್ರೆ ಸರಿಪಡಿಸುವುದು, ನಿಧಾನವಾಗಿ ನಡಿಗೆ ಹೆಚ್ಚಿಸುವುದು ಸಣ್ಣ ವಿಷಯಗಳಂತೆ ಕಂಡರೂ, ಕೆರಳಿದ ವ್ಯವಸ್ಥೆಗೆ ಬರುವ ಸಂಕೇತಗಳನ್ನು ಒಂದೊಂದಾಗಿ ಕಡಿಮೆ ಮಾಡುವ ಕೆಲಸ ಇವೇ.

ರಜೆಯ ವಿವಾದಕ್ಕೆ ಇದರಿಂದ ಏನು?

ರಜೆಗೆ ವಿರೋಧ ಹೇಳುವವರ ಒಂದು ವಾದವನ್ನು ತಳ್ಳಿಹಾಕುವಂತಿಲ್ಲ. ಕಡ್ಡಾಯ ರಜೆಯಿಂದ ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ಕಡಿಮೆಯಾಗಬಹುದು ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತ್ತು. ಇನ್ನೊಂದು ಕಡೆ, ಬಿಹಾರದ ಸರ್ಕಾರಿ ನೌಕರಿಯಲ್ಲಿ 1992ರಿಂದಲೇ ತಿಂಗಳಿಗೆ ಎರಡು ದಿನದ ರಜೆ ಇದೆ. ಕರ್ನಾಟಕದ ಆದೇಶ ವೈದ್ಯಕೀಯ ಪ್ರಮಾಣಪತ್ರ ಕೇಳದಿರುವುದನ್ನು ಹಲವರು ಲೋಪ ಎನ್ನುತ್ತಾರೆ. ಈ ನೋವಿನ ಸ್ವರೂಪ ತಿಳಿದವರಿಗೆ ಅದು ಲೋಪವಾಗಿ ಕಾಣುವುದಿಲ್ಲ. ಯಂತ್ರಕ್ಕೆ ಕಾಣದ ನೋವಿಗೆ ಯಂತ್ರದ ಸಾಕ್ಷಿ ಕೇಳಿದರೆ ನಿಜವಾಗಿ ನರಳುವವರೇ ಮೊದಲು ಹೊರಗೆ ಉಳಿಯುತ್ತಾರೆ.

ಆದೇಶದ ನಿಜವಾದ ಮಿತಿ ಇರುವುದು ಬೇರೆ ಕಡೆ. ಆ ತಿಂಗಳ ರಜೆ ಆ ತಿಂಗಳಲ್ಲೇ ಮುಗಿಯಬೇಕು, ಮುಂದಕ್ಕೆ ಒಯ್ಯುವಂತಿಲ್ಲ. ಮೂರು ತಿಂಗಳು ಹೇಗೋ ನಿಭಾಯಿಸಿ ನಾಲ್ಕನೆಯ ತಿಂಗಳಲ್ಲಿ ಐದು ದಿನ ಏಳಲಾರದೆ ಮಲಗುವವರಿಗೆ ಅದರಿಂದ ಸಿಗುವುದು ಒಂದೇ ದಿನ. ಮನೆಗೆಲಸದವರಿಗೆ, ಹೊಲದ ಕೂಲಿಯವರಿಗೆ ಅದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ದೀರ್ಘಕಾಲದ ನೋವಿಗೆ ಜಾಗವಿಲ್ಲ. ಹಾಗಾಗಿ ಕೆಲಸದ ಹೊತ್ತು ಬದಲಿಸಿಕೊಡಿ, ಕೂತು ಮಾಡುವ ಕೆಲಸ ಕೊಡಿ ಎಂದು ಹಕ್ಕಿನಿಂದ ಕೇಳಲು ಕಾನೂನಿನ ಆಸರೆಯೂ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಬೇಕಾದಾಗ ಶೌಚಾಲಯಕ್ಕೆ ಹೋಗಿಬರುವ ಸ್ವಾತಂತ್ರ್ಯ ಇವರಿಗೆ ವರ್ಷದ 12 ರಜೆಗಳಿಗಿಂತ ಹೆಚ್ಚು ಉಪಕಾರ ಮಾಡಬಹುದು, ಅದಕ್ಕೆ ಹೊಸ ಕಾಯ್ದೆಯೂ ಬೇಕಾಗಿಲ್ಲ.

ನ್ಯಾಯಾಲಯದಲ್ಲಿ ರಜೆಯ ಹಣೆಬರಹ ಏನೇ ಆಗಲಿ, ರಾಜ್ಯ ಸರ್ಕಾರ ತನ್ನ ಕೈಯಲ್ಲೇ ಇರುವ ಎರಡು ಕೆಲಸಗಳನ್ನು ಕಾಯದೆ ಮಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಸ್ತ್ರೀರೋಗ ತಜ್ಞರು, ಫಿಸಿಯೊಥೆರಪಿಸ್ಟ್ ಮತ್ತು ಆಪ್ತಸಮಾಲೋಚಕರು ಒಂದೇ ಕೋಣೆಯಲ್ಲಿ ಕೂತು ಕಿಬ್ಬೊಟ್ಟೆ ನೋವಿನ ರೋಗಿಗಳನ್ನು ನೋಡುವ ವ್ಯವಸ್ಥೆ ಒಂದು. ನಲವತ್ತು ವರ್ಷದೊಳಗಿನ ಯಾರ ಗರ್ಭಕೋಶವನ್ನೂ ನೋವಿನ ಕಾರಣಕ್ಕೆ ತೆಗೆಯುವ ಮುನ್ನ ಆಕೆ ಈ ಕೋಣೆಗೆ ಒಮ್ಮೆ ಬಂದಿರಲೇಬೇಕು ಎಂಬ ನಿಯಮ ಇನ್ನೊಂದು.